ಮೊದಲ ಹಿಮಪ್ರವಾಸಕ್ಕೆ ಹೊರಡುವ ಮುನ್ನ: ಓದುಗರ ಪ್ರಶ್ನೆಗಳಿಗೆ ಉತ್ತರ

ಕ್ರಿಸ್ಮಸ್ ರಜೆ ಹತ್ತಿರವಾಗುತ್ತಿದ್ದಂತೆ ಕಾಸರಗೋಡು, ಮಂಜೇಶ್ವರ ತಾಲೂಕುಗಳ ಹಲವು ಓದುಗರು ಹಿಮದ ನಾಡಿನ ಪ್ರವಾಸದ ಬಗ್ಗೆ ಬರೆದು ಕೇಳಿದ್ದಾರೆ. ಪತ್ರಗಳೆಲ್ಲ ಒಂದೇ ವಿಷಯಕ್ಕೆ ಸಂಬಂಧಿಸಿದುದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ. ಕೆಲವು ವರ್ಷಗಳ ಹಿಂದೆ ನಾನೂ ಮನೆಮಂದಿಯನ್ನು ಕರೆದುಕೊಂಡು ಹೀಗೆಯೇ ಹೊರಟವನಾದುದರಿಂದ, ಆಗ ನನ್ನಿಂದಾದ ತಪ್ಪುಗಳನ್ನೂ ಮುಚ್ಚಿಡದೆ ಬರೆದಿದ್ದೇನೆ.

ಪ್ರಶ್ನೆ: ನಾವು ನೀರ್ಚಾಲು ಸಮೀಪದ ಅಡಿಕೆ ಕೃಷಿಕರು. ಆರನೆಯ ತರಗತಿಯಲ್ಲೂ ಎಲ್‌ಕೆಜಿಯಲ್ಲೂ ಓದುವ ಇಬ್ಬರು ಮಕ್ಕಳಿದ್ದಾರೆ. ಹತ್ತು ದಿನಗಳ ಕ್ರಿಸ್ಮಸ್ ರಜೆಯಲ್ಲಿ ಮನಾಲಿಗೆ ಹೋಗಿ ಮಕ್ಕಳಿಗೆ ಹಿಮ ತೋರಿಸಬೇಕೆಂದಿದ್ದೇವೆ. ಆ ಸಮಯದಲ್ಲಿ ಹಿಮ ಖಂಡಿತ ಸಿಗುತ್ತದೆಯೇ? ರೈಲಿನಲ್ಲಿ ಹೋಗಿಬರಲು ದಿನಗಳು ಸಾಕಾಗುವುವೇ? ಪ್ರವಾಸದ ಏರ್ಪಾಡು ಮಾಡುವವರು ಕೊಟ್ಟ ಪಟ್ಟಿಯಲ್ಲಿ ಮೂರನೆಯ ದಿನ ರೋಹ್ತಾಂಗ್ ಎಂದಿದೆ.

ಉತ್ತರ: ಹಿಮದ ವಿಷಯದಲ್ಲಿ ‘ಖಂಡಿತ’ ಎಂಬ ಮಾತನ್ನು ಯಾರೂ ಹೇಳಲಾರರು. ನಮ್ಮ ಮುಂಗಾರು ಜೂನ್ ತಿಂಗಳ ಆರಂಭದಲ್ಲಿ ನಾಲ್ಕು ದಿನ ಹಿಂದುಮುಂದಾದರೂ ಬಂದೇ ಬರುತ್ತದೆ, ಬಂದ ಮೇಲೆ ಮೂರು ತಿಂಗಳು ಬಿಟ್ಟು ಹೋಗುವುದಿಲ್ಲ. ಹಿಮಾಲಯದ ಚಳಿಗಾಲದ ಹಿಮಪಾತದ ಸ್ವಭಾವ ಹಾಗಲ್ಲ. ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಪಶ್ಚಿಮ ಏಷ್ಯಾವನ್ನು ದಾಟಿ ಬರುವ ವಾಯುಭಾರ ಕುಸಿತದ ಅಲೆಗಳು ಬೆಟ್ಟಗಳನ್ನು ತಟ್ಟಿದಾಗ ಮಾತ್ರ ಅಲ್ಲಿ ಹಿಮ ಸುರಿಯುತ್ತದೆ. ಒಂದು ಅಲೆಗೂ ಇನ್ನೊಂದಕ್ಕೂ ನಡುವೆ ಕೆಲವೊಮ್ಮೆ ವಾರಗಟ್ಟಲೆ ಒಣ ಬಿಸಿಲೇ ಇರುತ್ತದೆ. ಜನವರಿ ಮತ್ತು ಫೆಬ್ರವರಿಯಲ್ಲಿ ಈ ಅಲೆಗಳು ಬಲವಾಗಿರುವುದರಿಂದ ಹಿಮ ಸಿಗುವ ಸಾಧ್ಯತೆ ಹೆಚ್ಚು, ಆದರೆ ಆಗ ನಮ್ಮ ಮಕ್ಕಳಿಗೆ ಶಾಲೆ ಇರುತ್ತದೆ. ಮನಾಲಿ ಪಟ್ಟಣವಿರುವುದು ಸುಮಾರು 2,050 ಮೀಟರ್ ಎತ್ತರದಲ್ಲಿ. ಅಲ್ಲಿ ಡಿಸೆಂಬರ್ ಕೊನೆಯ ವಾರ ರಾತ್ರಿಯ ಉಷ್ಣತೆ ಸೊನ್ನೆಗಿಂತ ಕೆಳಗಿಳಿದರೂ ಬೀದಿಯಲ್ಲಿ ಹಿಮದ ಒಂದು ಹಿಡಿಯೂ ಕಾಣದ ವರ್ಷಗಳಿವೆ.

ಹಾಗೆಂದು ನಿರಾಶರಾಗಬೇಕಾಗಿಲ್ಲ. 2020ರ ಅಕ್ಟೋಬರಿನಲ್ಲಿ ತೆರೆದ ಅಟಲ್ ಸುರಂಗ 9.02 ಕಿಲೋಮೀಟರ್ ಉದ್ದವಿದ್ದು, ಅದನ್ನು ದಾಟಿದರೆ ಸಿಗುವ ಲಾಹೌಲ್ ಕಣಿವೆ ಸಮುದ್ರಮಟ್ಟದಿಂದ ಸುಮಾರು 3,100 ಮೀಟರ್ ಎತ್ತರದಲ್ಲಿದೆ. ಮೊದಲು ಚಳಿಗಾಲದಲ್ಲಿ ತಿಂಗಳುಗಟ್ಟಲೆ ಹೊರಜಗತ್ತಿನ ಸಂಪರ್ಕ ಕಡಿದುಕೊಳ್ಳುತ್ತಿದ್ದ ಸಿಸ್ಸು ಮುಂತಾದ ಹಳ್ಳಿಗಳಿಗೆ ಈಗ ಮನಾಲಿಯಿಂದ ಹಗಲಿನಲ್ಲೇ ಹೋಗಿಬರಬಹುದು. ಅಲ್ಲಿನ ಚಳಿಗೆ ಒಮ್ಮೆ ಬಿದ್ದ ಹಿಮ ಬೇಗ ಕರಗುವುದಿಲ್ಲವಾದುದರಿಂದ, ನೀವು ಹೋದ ದಿನ ಹೊಸ ಹಿಮ ಬೀಳದಿದ್ದರೂ ಹಿಂದೆ ಬಿದ್ದದ್ದು ಉಳಿದಿರುವ ಸಂಭವ ಹೆಚ್ಚು. ಆದರೆ ಇದಕ್ಕೆ ಇನ್ನೊಂದು ಮುಖವಿದೆ. ಹಿಮ ಸುರಿಯಲಾರಂಭಿಸಿದರೆ ಪೊಲೀಸರು ಸುರಂಗದ ಕಡೆಗೆ ಪ್ರವಾಸಿ ವಾಹನಗಳನ್ನು ಬಿಡುವುದನ್ನು ನಿಲ್ಲಿಸುತ್ತಾರೆ, ಇಲ್ಲವೇ ನಾಲ್ಕು ಚಕ್ರಗಳಿಗೂ ಎಂಜಿನ್ನಿನ ಬಲವಿರುವ ವಾಹನಗಳನ್ನಷ್ಟೇ ಬಿಡುತ್ತಾರೆ. 2024ರ ಡಿಸೆಂಬರ್ ಕೊನೆಯ ವಾರದಲ್ಲಿ ಮನಾಲಿ ಬಳಿಯ ಸೋಲಂಗ್ ಕಣಿವೆ ಮತ್ತು ಸುರಂಗದ ನಡುವೆ ಸಾವಿರಕ್ಕೂ ಹೆಚ್ಚು ವಾಹನಗಳು ಹಿಮದಲ್ಲಿ ಸಿಕ್ಕಿಬಿದ್ದು, ಪ್ರವಾಸಿಗರನ್ನು ಪೊಲೀಸರು ಹೊರತರಬೇಕಾಯಿತು. ಎಲ್ಲರೂ ಹಿಮ ನೋಡಲು ಹೋಗುವ ವಾರವೇ ಅದಾದುದರಿಂದ ಹೀಗಾಗುತ್ತದೆ. ನಿಮ್ಮ ಪಟ್ಟಿಯಲ್ಲಿ ಯಾವ ಕಾರ್ಯಕ್ರಮವೂ ಇಲ್ಲದ ಎರಡು ದಿನಗಳನ್ನು ಇಟ್ಟುಕೊಳ್ಳಿ ಎಂದು ನಾನು ಒತ್ತಿ ಹೇಳುವುದು ಈ ಕಾರಣಕ್ಕೆ. ದಾರಿ ಮುಚ್ಚಿದ ದಿನ ಮನಾಲಿಯಲ್ಲೇ ಹಿಡಿಂಬಾ ದೇವಸ್ಥಾನದ ದೇವದಾರು ಮರಗಳ ನಡುವೆ ಅಡ್ಡಾಡಬಹುದು. ಆದರೆ ಹಾಗೆ ಕಾಯಲು ಖಾಲಿ ದಿನವೇ ನಿಮ್ಮ ಕೈಯಲ್ಲಿ ಇಲ್ಲದಿದ್ದರೆ, ಹಿಮವಿರುವ ಊರಿಗೆ ಹೋಗಿ ಹಿಮ ನೋಡದೆ ಮರಳಬೇಕಾಗುತ್ತದೆ. ಡಿಸೆಂಬರ್ ನಮ್ಮಲ್ಲಿ ಅಂಗಳದ ತುಂಬ ಅಡಿಕೆ ಹರಡಿರುವ ಕಾಲ. ಮನೆ, ತೋಟ, ಹಟ್ಟಿ ನೋಡಿಕೊಳ್ಳಲು ಒಪ್ಪಿದವರಿಗೂ ಎರಡು ದಿನ ತಡವಾಗಬಹುದೆಂದು ಮೊದಲೇ ಹೇಳಿಡಿ.

ರೋಹ್ತಾಂಗ್ ಕಣಿವೆದಾರಿ 3,978 ಮೀಟರ್ ಎತ್ತರದಲ್ಲಿದ್ದು, ಚಳಿಗಾಲದ ಹಿಮ ಬಿದ್ದ ಮೇಲೆ ಬೇಸಿಗೆಯವರೆಗೆ ಮುಚ್ಚಿರುತ್ತದೆ. ಡಿಸೆಂಬರ್ ಕೊನೆಯ ವಾರದ ಪಟ್ಟಿಯಲ್ಲಿ ಆ ಹೆಸರನ್ನು ಬರೆದವರನ್ನು, ‘ಎಲ್ಲಿಯವರೆಗೆ ಕರೆದುಕೊಂಡು ಹೋಗುತ್ತೀರಿ, ದಾರಿ ಮುಚ್ಚಿದ್ದರೆ ಬದಲಿಗೆ ಎಲ್ಲಿಗೆ, ಅದಕ್ಕೆ ಬೇರೆ ಹಣ ಕೊಡಬೇಕೇ’ ಎಂದು ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ. ಮುಂಗಡ ಕೊಡುವುದು ಅನಂತರ.

ರೈಲಿನ ಲೆಕ್ಕ ಹೀಗಿದೆ. ಮಂಗಳಾ ಲಕ್ಷದ್ವೀಪ ಎಕ್ಸ್‌ಪ್ರೆಸ್ಸನ್ನು ಕಾಸರಗೋಡಿನಲ್ಲಿ ಹತ್ತಿದರೆ ದೆಹಲಿಯ ನಿಜಾಮುದ್ದೀನ್ ತಲುಪುವುದಕ್ಕೆ ಎರಡು ರಾತ್ರಿಗಳು ರೈಲಿನಲ್ಲೇ ಕಳೆಯುತ್ತವೆ. ಅಲ್ಲಿಂದ ಮನಾಲಿ ಸುಮಾರು 530 ಕಿಲೋಮೀಟರ್. ಬಸ್ಸಿನಲ್ಲಿ ಮತ್ತೊಂದು ರಾತ್ರಿ. ಡಿಸೆಂಬರ್ ಉತ್ತರಾರ್ಧದಲ್ಲಿ ಉತ್ತರ ಭಾರತದ ಬಯಲಿನ ಮೇಲೆ ದಟ್ಟ ಮಂಜು ಕವಿಯುವುದರಿಂದ ರೈಲು ಹಲವು ಗಂಟೆ ತಡವಾಗುವುದು ಸಾಮಾನ್ಯ, ಆದುದರಿಂದ ರೈಲು ತಲುಪುವ ಸಂಜೆಗೇ ಬಸ್ಸಿನ ಟಿಕೇಟು ಮಾಡಿಸುವುದು ಅಪಾಯ. ಎರಡೂ ಕಡೆಗೆ ರೈಲನ್ನೇ ನಂಬಿದರೆ ಹತ್ತು ದಿನಗಳಲ್ಲಿ ಬೆಟ್ಟದ ಮೇಲೆ ಉಳಿಯುವುದು ಮೂರೋ ನಾಲ್ಕೋ ದಿನ ಮಾತ್ರ. ಅದರಲ್ಲಿ ಎರಡು ಖಾಲಿ ದಿನಗಳನ್ನು ಇಟ್ಟುಕೊಳ್ಳುವುದು ಸಾಧ್ಯವೇ ಇಲ್ಲ. ಹೋಗುವಾಗ ಮಂಗಳೂರಿನಿಂದ ವಿಮಾನ, ಬರುವಾಗ ರೈಲು ಎಂದು ಮಾಡಿಕೊಂಡರೆ ಖರ್ಚೂ ಕೈಮೀರದು, ಮಕ್ಕಳು ದಣಿಯದೆ ಬೆಟ್ಟ ಹತ್ತಿದಂತೆಯೂ ಆಗುತ್ತದೆ.

ಅಷ್ಟು ಹಣ ಈ ವರ್ಷ ಕಷ್ಟವೆಂದಾದರೆ ಏಪ್ರಿಲ್ ತಿಂಗಳನ್ನು ಯೋಚಿಸಿ. ನಮ್ಮ ಶಾಲೆಗಳಿಗೆ ಏಪ್ರಿಲ್ ಮತ್ತು ಮೇ ಎರಡೂ ರಜೆಯಾದುದರಿಂದ ದಿನಗಳ ಅವಸರವಿಲ್ಲ. ಆಗ ಮನಾಲಿಯ ಆಸುಪಾಸಿನ ತಗ್ಗುಜಾಗಗಳ ಹಿಮ ಕರಗಿರುತ್ತದೆ, ಆದರೆ ಕಾಶ್ಮೀರದ ಗುಲ್ಮಾರ್ಗದಲ್ಲಿ ತೂಗುತೊಟ್ಟಿಲಿನ (ಗೊಂಡೊಲಾ ಎಂಬ ರೋಪ್‌ವೇಯ) ಎರಡನೆಯ ಹಂತ ಏರುವ ಅಫರ್‌ವಟ್ ಬೆಟ್ಟ ಸುಮಾರು 3,950 ಮೀಟರ್ ಎತ್ತರದಲ್ಲಿದ್ದು, ಏಪ್ರಿಲಿನಲ್ಲೂ ಬೆಳ್ಳಗಿರುತ್ತದೆ. ಕಾಶ್ಮೀರಕ್ಕೆ ಹೋಗುವುದಾದರೆ ಸರಕಾರದ ಸುರಕ್ಷತಾ ಸೂಚನೆಗಳನ್ನು ಓದಿಯೇ ದಿನ ನಿಗದಿ ಮಾಡಿ. ಹೊರರಾಜ್ಯಗಳ ಪ್ರೀಪೇಯ್ಡ್ ಸಿಮ್ ಅಲ್ಲಿ ಕೆಲಸ ಮಾಡುವುದಿಲ್ಲವಾದುದರಿಂದ ಮನೆಯ ಒಬ್ಬರಾದರೂ ಪೋಸ್ಟ್‌ಪೇಯ್ಡ್ ಸಂಪರ್ಕ ಇಟ್ಟುಕೊಳ್ಳಬೇಕು.

ಪ್ರಶ್ನೆ: ಹಿಮಕ್ಕೆ ಹೋಗುವ ಜಾಕೆಟಿಗೆ ಅಂಗಡಿಯಲ್ಲಿ ಒಬ್ಬೊಬ್ಬರಿಗೆ ಐದಾರು ಸಾವಿರ ರೂಪಾಯಿ ಹೇಳುತ್ತಿದ್ದಾರೆ. ಅದನ್ನು ಮತ್ತೆ ನಮ್ಮ ಸೆಕೆಯಲ್ಲಿ ಹಾಕಿಕೊಳ್ಳುವಂತಿಲ್ಲ. ಬಾಡಿಗೆಗೆ ಸಿಗುವುದು ನಿಜವೇ? ಮಳೆಗಾಲದ ರೈನ್‌ಕೋಟು, ತೋಟಕ್ಕೆ ಹಾಕುವ ಗಂಬೂಟು ಇವುಗಳನ್ನು ಒಯ್ದರೆ ಸಾಕೇ? (ಉಪ್ಪಳದ ಓದುಗಿ)

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಈ ಸಿದ್ಧತೆಯ ಮರ್ಮ ಅದರಲ್ಲೇ ಇದೆ. ಕರಾವಳಿಯಿಂದ ಹೋಗುವವರು ಚಳಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಗಂಟುಮೂಟೆ ಕಟ್ಟುತ್ತಾರೆ, ಆದರೆ ಅವರನ್ನು ಕಾಡುವುದು ಒದ್ದೆ. ಹಿಮವೆಂದರೆ ಮೈ ಮುಟ್ಟಿದೊಡನೆ ನೀರಾಗುವ ವಸ್ತು. ಹೊಸದಾಗಿ ಬಿದ್ದ ಹತ್ತು ಸೆಂಟಿಮೀಟರ್ ಹಿಮ ಕರಗಿದರೆ ಸರಿಸುಮಾರು ಒಂದು ಸೆಂಟಿಮೀಟರ್ ನೀರಾಗುತ್ತದೆ. ಆ ಲೆಕ್ಕದಲ್ಲಿ ನಮ್ಮಲ್ಲಿ ಜೂನ್ ತಿಂಗಳ ಒಂದು ದಿನ ಸುರಿಯುವ 100 ಮಿಲಿಮೀಟರ್ ಮಳೆ ಅಲ್ಲಿ ಬಿದ್ದರೆ ಒಂದು ಮೀಟರ್ ಹಿಮ. ಮಳೆಯಲ್ಲೇ ಬೆಳೆದ ನಮಗೆ ಒದ್ದೆಯ ಗುಣ ಹೇಳಿಕೊಡಬೇಕಾಗಿಲ್ಲ. ಆಟಿ ತಿಂಗಳಲ್ಲಿ ಹತ್ತಿಯ ಬಟ್ಟೆ ಎರಡು ದಿನ ಒಲೆಯ ಮೇಲೆ ನೇತುಹಾಕಿದರೂ ಒಣಗದೆ ಮೈಗೆ ತಣ್ಣಗೆ ಅಂಟುವುದನ್ನು ನಾವೆಲ್ಲ ಬಲ್ಲೆವು. ಅದೇ ಬಟ್ಟೆ ಸೊನ್ನೆ ಡಿಗ್ರಿಯಲ್ಲಿ ಒದ್ದೆಯಾದರೆ ಮೈಯ ಕಾವನ್ನೆಲ್ಲ ಹೀರಿ ಹೊರಹಾಕುತ್ತದೆ. ಬೆವರಿನಿಂದ ಒದ್ದೆಯಾದರೂ ಅಷ್ಟೇ, ಹಿಮದಿಂದಾದರೂ ಅಷ್ಟೇ.

ನಾನು ಇದನ್ನು ಕಲಿತದ್ದು ಸೋಲಂಗ್ ಕಣಿವೆಯಲ್ಲಿ. ಒಂಬತ್ತು ವರ್ಷದ ಮಗಳಿಗೆ ದುಬಾರಿ ಜಾಕೆಟು ತೊಡಿಸಿ, ಒಳಗೆ ಮಾತ್ರ ದಿನನಿತ್ಯದ ಹತ್ತಿಯ ಬನಿಯನನ್ನೂ ಕಾಲಿಗೆ ಶಾಲೆಯ ಕ್ಯಾನ್ವಾಸ್ ಶೂವನ್ನೂ ಹಾಕಿದ್ದೆ. ಅರ್ಧ ಗಂಟೆ ಆಡಿದ ಮೇಲೆ ಅವಳು ಬಂದು ಒಂದು ಮಾತೂ ಆಡದೆ ನನ್ನ ಪಕ್ಕದಲ್ಲಿ ಕುಳಿತಳು. ಶೂ ಬಿಚ್ಚಿ ಕಾಲುಚೀಲ ಹಿಂಡಿದರೆ ನೀರು ಧಾರೆಯಾಗಿ ಇಳಿಯಿತು. ಕಾಲ್ಬೆರಳುಗಳು ಸಿಪ್ಪೆ ಹೆರೆದ ಮೂಲಂಗಿಯ ಹಾಗೆ ಬೆಳ್ಳಗಾಗಿದ್ದವು, ಮುಟ್ಟಿದರೆ ತಿಳಿಯುವುದಿಲ್ಲ ಎಂದಳು. ಗಾಬರಿಯಿಂದ ಅವಳನ್ನು ಎತ್ತಿಕೊಂಡು ಪಕ್ಕದ ಚಹಾದಂಗಡಿಯ ಬೆಂಕಿಯ ಬಳಿಗೆ ಓಡಿದೆ. ಅಂಗಡಿಯ ಹೆಂಗಸು ನನ್ನ ಕೈ ಹಿಡಿದು ತಡೆದು, ಮಗುವಿನ ಎರಡೂ ಪಾದಗಳನ್ನು ಒಣಬಟ್ಟೆಯಿಂದ ಒತ್ತಿ ಒರೆಸಿ, ತನ್ನ ಉಣ್ಣೆಯ ಶಾಲಿನೊಳಗೆ ಹೊಟ್ಟೆಗೆ ಒತ್ತಿಕೊಂಡು ಕುಳಿತರು. ಕಾಲು ಗಂಟೆಯ ಬಳಿಕ ಬೆರಳುಗಳು ಕೆಂಪೇರಿ ಮಗಳು ಉರಿಯುತ್ತದೆ ಎಂದು ಅತ್ತಾಗಲೇ ನನಗೆ ಜೀವ ಬಂದದ್ದು. ಮರಗಟ್ಟಿದ ಚರ್ಮಕ್ಕೆ ಬೆಂಕಿಯ ಶಾಖ ತಿಳಿಯುವುದಿಲ್ಲವಾದುದರಿಂದ ಸುಟ್ಟರೂ ಗೊತ್ತಾಗುವುದಿಲ್ಲ. ತಿಕ್ಕಿದರೆ ಒಳಗಿನ ಮಾಂಸಕ್ಕೆ ಗಾಯವಾಗುತ್ತದೆ. ಮೈಯ ಕಾವು, ಇಲ್ಲವೇ ಮೊಣಕೈಯಿಂದ ಮುಟ್ಟಿ ನೋಡಿದಾಗ ಹಿತವೆನಿಸುವ ಉಗುರು ಬೆಚ್ಚಗಿನ ನೀರು ಇವೆರಡೇ ಸರಿಯಾದ ಉಪಾಯ. ಬಣ್ಣ ಮರಳದಿದ್ದರೆ ಅಥವಾ ಗುಳ್ಳೆ ಎದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಬಟ್ಟೆ ಮೂರು ಪದರಗಳಲ್ಲಿರಲಿ. ಮೈಗೆ ತಾಗುವ ಪದರ ಬೆವರನ್ನು ಹೀರಿ ಹಿಡಿದಿಟ್ಟುಕೊಳ್ಳದೆ ಹೊರಕ್ಕೆ ದಾಟಿಸುವಂಥದ್ದು, ಅಂದರೆ ಅಂಗಡಿಯಲ್ಲಿ ಥರ್ಮಲ್ ಎಂದು ಮಾರುವ ಪಾಲಿಯೆಸ್ಟರ್ ಅಥವಾ ಉಣ್ಣೆಯ ಒಳಉಡುಪು. ಅದರ ಮೇಲೆ ಉಣ್ಣೆಯ ಸ್ವೆಟರ್ ಅಥವಾ ಫ್ಲೀಸ್. ಎಲ್ಲಕ್ಕಿಂತ ಹೊರಗೆ ಗಾಳಿ ಮತ್ತು ನೀರನ್ನು ತಡೆಯುವ ಕೋಟು. ಬೆಚ್ಚಗಿಡುವುದು ಬಟ್ಟೆಗಿಂತಲೂ ಹೆಚ್ಚಾಗಿ ಪದರಗಳ ನಡುವೆ ಸಿಕ್ಕಿ ನಿಂತ ಗಾಳಿ. ಮಳೆಯ ಬೆಳಗು ಕೋಳಿ ಗರಿ ಕೆದರಿಕೊಂಡು ಗುಡ್ಡೆಯಾಗಿ ಕೂರುವುದು ಅದಕ್ಕೇ. ಆದುದರಿಂದ ಒಂದರ ಮೇಲೊಂದು ಬಿಗಿಯಾಗಿ ತುರುಕಿಕೊಂಡರೆ ಪ್ರಯೋಜನವಿಲ್ಲ. ಕಾಲುಚೀಲದ ವಿಷಯದಲ್ಲಿ ಈ ತಪ್ಪನ್ನು ಬಹಳ ಮಂದಿ ಮಾಡುತ್ತಾರೆ: ಎರಡು ಜೊತೆ ಹಾಕಿ ಅಳತೆಯ ಬೂಟಿನೊಳಗೆ ಕಾಲು ತೂರಿಸಿದರೆ ರಕ್ತ ಸಂಚಾರ ತಡೆದು ಬೆರಳು ಮೊದಲಿಗಿಂತ ಬೇಗ ತಣ್ಣಗಾಗುತ್ತದೆ. ದಪ್ಪ ಉಣ್ಣೆಯ ಒಂದೇ ಜೊತೆ, ಬೆರಳು ಆಡಿಸಲು ಜಾಗವಿರುವ ಬೂಟು ಇರಲಿ.

ಇನ್ನು ನಿಮ್ಮ ರೈನ್‌ಕೋಟು. ನೈಲಾನಿನದಾದರೆ ಒಯ್ಯಿರಿ, ಹೊರಪದರವಾಗಿ ಒಂದೆರಡು ಗಂಟೆಗೆ ಚೆನ್ನಾಗಿಯೇ ಒದಗುತ್ತದೆ. ದಪ್ಪ ಪ್ಲಾಸ್ಟಿಕ್ಕಿನದು ಚಳಿಗೆ ಸೆಟೆದುಕೊಂಡು ಮಡಿಕೆಗಳಲ್ಲಿ ಒಡೆಯುತ್ತದೆ, ಒಳಗೆ ಬೆವರು ನಿಲ್ಲುತ್ತದೆ. ತೋಟದ ಗಂಬೂಟು ನೀರನ್ನು ತಡೆಯುತ್ತದೆ, ಆದರೆ ಒಳಗೆ ಅಸ್ತರಿಲ್ಲದ ಬರಿಯ ರಬ್ಬರು ಚಳಿಯನ್ನು ತಡೆಯುವುದಿಲ್ಲ. ಅಷ್ಟು ಭಾರ ಹೊತ್ತುಕೊಂಡು ಹೋಗುವುದಕ್ಕಿಂತ ಅಲ್ಲೇ ಬಾಡಿಗೆಗೆ ಪಡೆಯುವುದು ಮೇಲು. ಮನಾಲಿಯಿಂದ ಸೋಲಂಗಿಗೆ ಹೋಗುವ ದಾರಿಯುದ್ದಕ್ಕೂ ಕೋಟು ಮತ್ತು ಬೂಟು ಬಾಡಿಗೆಗೆ ಕೊಡುವ ಅಂಗಡಿಗಳಿವೆ. ಚಾಲಕರು ತಮಗೆ ಗುರುತಿನ ಅಂಗಡಿಯ ಮುಂದೆ ನಿಲ್ಲಿಸುವುದುಂಟು, ಆದರೆ ಅಲ್ಲೇ ತೆಗೆದುಕೊಳ್ಳಬೇಕೆಂಬ ಕಡ್ಡಾಯವಿಲ್ಲ. ಬೂಟನ್ನು ಕೈಗೆತ್ತಿಕೊಂಡ ಕೂಡಲೇ ಒಳಗೆ ಕೈ ಹಾಕಿ, ಬೆರಳು ನಿಲ್ಲುವ ತುದಿಯವರೆಗೂ ಮುಟ್ಟಿ ನೋಡಿ. ಹಿಂದಿನ ದಿನ ಹಾಕಿದವರ ಒದ್ದೆ ಅಲ್ಲೇ ಉಳಿದಿರುತ್ತದೆ. ಸ್ವಲ್ಪವಾದರೂ ತೇವವೆನಿಸಿದರೆ ಬೇರೆ ಜೊತೆ ಕೇಳಿ. ಸಿಗದಿದ್ದರೆ ಕಾಲುಚೀಲದ ಮೇಲೆ ಒಂದು ಪ್ಲಾಸ್ಟಿಕ್ ಚೀಲ ಸುತ್ತಿ ಅನಂತರ ಬೂಟು ಹಾಕಿ. ಕೋಟಿನ ಜಿಪ್ ಕುತ್ತಿಗೆಯವರೆಗೆ ಏರುತ್ತದೆಯೇ ಎಂದೂ ನೋಡಿಕೊಳ್ಳಿ.

ಹೊರಗಿನ ಕೋಟಿಗೆ ಇಡಬೇಕೆಂದಿದ್ದ ಹಣವನ್ನು ಒಳಗಿನ ಬಟ್ಟೆಗೆ ಇಡಿ. ಪ್ರತಿಯೊಬ್ಬರಿಗೂ ಎರಡು ಜೊತೆ ಥರ್ಮಲ್, ನಾಲ್ಕು ಜೊತೆ ಉಣ್ಣೆಯ ಕಾಲುಚೀಲ, ಕಿವಿ ಮುಚ್ಚುವ ಟೊಪ್ಪಿ, ನೀರು ಒಳಗಿಳಿಯದ ಕೈಗವಸು ಸ್ವಂತದ್ದೇ ಇರಬೇಕು. ಮಕ್ಕಳಿಗೆ ಕೈಗವಸು ಎರಡು ಜೊತೆ. ಉಣ್ಣೆಯ ಕೈಗವಸು ಹಿಮದ ಉಂಡೆ ಕಟ್ಟಲಾರಂಭಿಸಿದ ಹತ್ತು ನಿಮಿಷಗಳಲ್ಲೇ ಒದ್ದೆಯಾಗುತ್ತದೆ. ತಂಪು ಕನ್ನಡಕವನ್ನು ಶೋಕಿಯ ವಸ್ತುವೆಂದು ಬಿಡಬೇಡಿ. ಹೊಸ ಹಿಮ ಸೂರ್ಯನ ನೇರಳಾತೀತ ಕಿರಣಗಳ ಸುಮಾರು 80 ಶೇಕಡವನ್ನು ಹಿಂದಕ್ಕೆ ಚಿಮ್ಮಿಸುತ್ತದೆ, ಎತ್ತರದಲ್ಲಿ ಆ ಕಿರಣಗಳ ತೀಕ್ಷ್ಣತೆಯೂ ಹೆಚ್ಚು. ಬಿಸಿಲು ಕೆಳಗಿನಿಂದಲೂ ಬರುವುದರಿಂದ ಸನ್‌ಸ್ಕ್ರೀನನ್ನು ಗಲ್ಲದ ಅಡಿಗೂ ಮೂಗಿನ ಕೆಳಭಾಗಕ್ಕೂ ಹಚ್ಚಬೇಕಾಗುತ್ತದೆ. ತುಟಿ ಒಡೆಯದಿರಲು ತೆಂಗಿನೆಣ್ಣೆಯೇ ಸಾಕು, ಆದರೆ ಅದು ಸುಮಾರು 24 ಡಿಗ್ರಿಗೇ ಗಟ್ಟಿಯಾಗುವುದರಿಂದ ಕಿರಿದಾದ ಬಾಯಿಯ ಸೀಸೆಯಲ್ಲಿ ಒಯ್ದರೆ ಹೊರಗೆ ಬರುವುದಿಲ್ಲ. ಅಗಲ ಬಾಯಿಯ ಡಬ್ಬಿಯಲ್ಲಿ ತುಂಬಿಕೊಳ್ಳಿ.

ಪ್ರಶ್ನೆ: ನಮ್ಮೊಡನೆ ಅತ್ತೆಯವರೂ ಬರುತ್ತಾರೆ. ಅವರಿಗೆ 68 ವರ್ಷ, ರಕ್ತದೊತ್ತಡದ ಮಾತ್ರೆ ಮತ್ತು ಇನ್ಸುಲಿನ್ ನಡೆಯುತ್ತಿದೆ, ಮೊಣಕಾಲು ನೋವೂ ಇದೆ. ಕರೆದುಕೊಂಡು ಹೋಗುವುದು ಬೇಡವೆಂದು ಸಂಬಂಧಿಕರು ಹೇಳುತ್ತಿದ್ದಾರೆ. (ಪೆರ್ಲದ ಓದುಗಿ)

ಉತ್ತರ: ಅವರಿಗೆ ಮನಸ್ಸಿದ್ದು ವೈದ್ಯರು ಒಪ್ಪಿದರೆ ಕರೆದುಕೊಂಡು ಹೋಗಿ ಎಂದೇ ನನ್ನ ಅಭಿಪ್ರಾಯ. ಆದರೆ ವೈದ್ಯರನ್ನು ಹೊರಡುವ ಹಿಂದಿನ ದಿನವಲ್ಲ, ಟಿಕೇಟು ಮಾಡಿಸುವ ಮೊದಲೇ ಕಾಣಬೇಕು. ಚಳಿಗೆ ರಕ್ತನಾಳಗಳು ಕಿರಿದಾಗಿ ರಕ್ತದೊತ್ತಡ ಏರುತ್ತದೆ, ಹೃದಯಕ್ಕೆ ಕೆಲಸ ಹೆಚ್ಚಾಗುತ್ತದೆ. ಮಾತ್ರೆಯ ಪ್ರಮಾಣದ ಬಗ್ಗೆ ವೈದ್ಯರೇ ನಿರ್ಧರಿಸಬೇಕು. ಎತ್ತರದ ಕಾಯಿಲೆ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು 2,500 ಮೀಟರಿಗಿಂತ ಮೇಲೆ. ತಲೆನೋವು, ವಾಕರಿಕೆ, ನಿದ್ದೆ ಬಾರದಿರುವುದು ಅದರ ಲಕ್ಷಣಗಳು. ಮನಾಲಿಯಲ್ಲಿ ಮಲಗುವುದರಿಂದ ಅಷ್ಟೇನೂ ಭಯವಿಲ್ಲ, ಆದರೆ ಸುರಂಗದಾಚೆಯ ಕಣಿವೆಯಲ್ಲಿ ಅತ್ತೆಯವರನ್ನು ರಾತ್ರಿ ಉಳಿಸಬೇಡಿ. ಬಂದ ಮೊದಲ ದಿನ ಎಲ್ಲರೂ ಮನಾಲಿಯಲ್ಲೇ ವಿಶ್ರಾಂತಿ ಪಡೆದು, ಎರಡನೆಯ ಅಥವಾ ಮೂರನೆಯ ದಿನ ಮೇಲೆ ಹೋಗಿ ಸಂಜೆಯೊಳಗೆ ಇಳಿಯಿರಿ. ಮೇಲೆ ತಲೆನೋವು ಬಂದರೆ ಮಾತ್ರೆ ನುಂಗಿ ಕಾಯುವುದಲ್ಲ, ಇಳಿಯುವುದೇ ಮದ್ದು.

ಇನ್ಸುಲಿನ್ ಹೆಪ್ಪುಗಟ್ಟಿದರೆ ಕೆಟ್ಟಿತೆಂದೇ ಲೆಕ್ಕ, ಕರಗಿಸಿ ಉಪಯೋಗಿಸಬಾರದು. ನಾವಿಲ್ಲಿ ಅದನ್ನು ಸೆಕೆಯಿಂದ ಕಾಪಾಡಲು ಫ್ರಿಜ್ಜಿನಲ್ಲಿಡುತ್ತೇವೆ, ಅಲ್ಲಿ ಚಳಿಯಿಂದ ಕಾಪಾಡಬೇಕು. ಸ್ವೆಟರಿನ ಒಳಜೇಬಿನಲ್ಲಿ ಮೈಗೆ ಹತ್ತಿರವಾಗಿರಲಿ. ವಿಮಾನದಲ್ಲಿ ಕೈಚೀಲದಲ್ಲೇ ಇರಲಿ. ಸರಂಜಾಮಿನ ಜೊತೆ ಕೆಳಗೆ ಹಾಕಬಾರದು. ರಾತ್ರಿ ಕಿಟಕಿಯ ಕಟ್ಟೆಯ ಮೇಲೆ ಇಡಬಾರದು. ಸಕ್ಕರೆ ನೋಡುವ ಉಪಕರಣವೂ ತೀರ ಚಳಿಯಲ್ಲಿ ಸರಿಯಾಗಿ ತೋರಿಸುವುದಿಲ್ಲ, ಕೊಠಡಿಯೊಳಗೆ ಬೆಚ್ಚಗಾದ ಮೇಲೆ ಪರೀಕ್ಷಿಸಿ. ಪಾದಗಳಲ್ಲಿ ಸ್ಪರ್ಶ ಕಡಿಮೆಯಾಗಿರುವ ಮಧುಮೇಹಿಗಳಿಗೆ ಬೂಟಿನೊಳಗೆ ಬೆರಳು ಮರಗಟ್ಟಿದ್ದು ತಿಳಿಯುವುದಿಲ್ಲವಾದುದರಿಂದ, ಗಂಟೆಗೊಮ್ಮೆ ಬಿಚ್ಚಿ ಕಣ್ಣಾರೆ ನೋಡಬೇಕಾದವರು ನೀವು.

ಮೊಣಕಾಲಿನ ವಿಷಯಕ್ಕೆ ಬಂದರೆ, ಹಿಮಕ್ಕಿಂತ ಹೆಚ್ಚು ಬೀಳಿಸುವುದು ಹಗಲು ಕರಗಿ ರಾತ್ರಿ ಮತ್ತೆ ಗಟ್ಟಿಯಾದ ಗಾಜಿನಂಥ ಪದರ. ಹಾವಸೆ ಹಿಡಿದ ಅಂಗಳದಲ್ಲಿ ಹೇಗೆ ನಡೆಯಬೇಕೆಂದು ಅತ್ತೆಯವರಿಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ: ಚಿಕ್ಕ ಹೆಜ್ಜೆ, ಪಾದ ಪೂರ್ತಿಯಾಗಿ ಊರುವುದು, ಭಾರ ಮುಂದಿನ ಕಾಲಿನ ಮೇಲೆ, ಕೈಗಳು ಜೇಬಿನಿಂದ ಹೊರಗೆ. ಮಳೆಗಾಲದಲ್ಲಿ ನಾವು ಸೋಗೆ ಹಾಸುವಂತೆ ಅಲ್ಲಿನವರು ಮೆಟ್ಟಿಲ ಮೇಲೆ ಬೂದಿ, ಮರಳು ಚೆಲ್ಲುತ್ತಾರೆ; ಅದು ಬಿದ್ದಿರುವ ಜಾಗದಲ್ಲೇ ನಡೆಸಿ. ಹೋಟೆಲಿನಲ್ಲಿ ನೆಲ ಅಂತಸ್ತಿನ ಕೊಠಡಿಯನ್ನೇ ಕೇಳಿ ಗೊತ್ತುಮಾಡಿ.

ಪ್ರಶ್ನೆ: ಕೊಠಡಿಯಲ್ಲಿ ಹೀಟರ್ ಇಲ್ಲ, ಬೇಕಾದರೆ ಕೆಂಡದ ಅಗ್ಗಿಷ್ಟಿಕೆ ಕೊಡುತ್ತೇವೆ ಎಂದು ಕಡಿಮೆ ಬಾಡಿಗೆಯ ಒಂದು ವಸತಿಗೃಹದವರು ಹೇಳಿದ್ದಾರೆ. ಒಪ್ಪಬಹುದೇ? (ಬದಿಯಡ್ಕದ ಓದುಗರು)

ಉತ್ತರ: ದಯವಿಟ್ಟು ಒಪ್ಪಬೇಡಿ. ಇಡೀ ಅಂಕಣದಲ್ಲಿ ಇದೊಂದು ಮಾತನ್ನಾದರೂ ನೆನಪಿಟ್ಟುಕೊಳ್ಳಿ ಎಂದು ಕೈಮುಗಿದು ಕೇಳುತ್ತೇನೆ. ಕೆಂಡದಿಂದ ಹೊರಡುವ ಕಾರ್ಬನ್ ಮೊನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕೆಮ್ಮು ಬರುವುದಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮೀರಿದ ಬಲದಿಂದ ಅಂಟಿಕೊಳ್ಳುವ ಆ ಅನಿಲ ನಿದ್ದೆಯಲ್ಲಿರುವವರನ್ನು ನಿದ್ದೆಯಲ್ಲೇ ಕೊಲ್ಲುತ್ತದೆ. ಪ್ರತಿ ಚಳಿಗಾಲವೂ ಉತ್ತರ ಭಾರತದಲ್ಲಿ ಇಡೀ ಕುಟುಂಬಗಳು ಹೀಗೆ ಸತ್ತ ಸುದ್ದಿ ಬರುತ್ತದೆ. ನಮ್ಮಲ್ಲಿ ಬೆಂಕಿಯ ಭಯ ಇಲ್ಲದಿರುವುದಕ್ಕೆ ಕಾರಣವಿದೆ. ನಾವು ಬೆಳೆದ ಹಂಚಿನ ಮನೆಗಳಲ್ಲಿ ಅಡುಗೆಕೋಣೆಯ ಹೊಗೆ ಹಂಚುಗಳ ಸಂದಿಯಿಂದ ತಾನಾಗಿ ಹೊರಹೋಗುತ್ತಿತ್ತು, ಬಚ್ಚಲಿನ ಒಲೆಗೆ ಎರಡು ಕಡೆ ಗಾಳಿ ಇತ್ತು. ಚಳಿನಾಡಿನ ಕೊಠಡಿಗಳು ಗಾಳಿ ಸುಳಿಯದಂತೆ ಮುಚ್ಚಿದವು. ಕೊಳವೆಯ ಮೂಲಕ ಹೊಗೆಯನ್ನು ಮಾಡಿನಿಂದಾಚೆಗೆ ಒಯ್ಯುವ ಕಬ್ಬಿಣದ ಒಲೆ ಹಜಾರದಲ್ಲಿದ್ದರೆ ಅದರ ಸುತ್ತ ಕುಳಿತು ಮೈ ಕಾಯಿಸಿಕೊಳ್ಳಬಹುದು, ಮಲಗುವ ಕೋಣೆಗೆ ಮಾತ್ರ ಯಾವ ಕೆಂಡವೂ ಬರಬಾರದು. ಸ್ನಾನದ ಮನೆಯಲ್ಲಿ ಗ್ಯಾಸ್ ಗೀಸರ್ ಇದ್ದರೂ ಇದೇ ಎಚ್ಚರಿಕೆ: ಬಕೆಟಿಗೆ ನೀರು ತುಂಬಿಸಿ, ಗೀಸರ್ ಆರಿಸಿ, ಬಾಗಿಲು ಸ್ವಲ್ಪ ಹೊತ್ತು ತೆರೆದಿಟ್ಟು ಅನಂತರ ಸ್ನಾನ ಮಾಡಿ. ವಿದ್ಯುತ್ ಹೀಟರ್ ಮತ್ತು ದಪ್ಪ ರಜಾಯಿ ಇರುವ ಕೊಠಡಿಗೆ ಮುನ್ನೂರೋ ಐನೂರೋ ಹೆಚ್ಚು ಕೊಡಬೇಕಾದರೆ ಕೊಡಿ.

ಪ್ರಶ್ನೆ: ಒಂದೂವರೆ ವರ್ಷದ ಮಗುವನ್ನು ಹಿಮದಲ್ಲಿ ಎಷ್ಟು ಹೊತ್ತು ಹೊರಗಿಡಬಹುದು? (ಕುಂಬಳೆಯ ಓದುಗಿ)

ಉತ್ತರ: ಗಾಳಿಯಿಲ್ಲದ ಬಿಸಿಲಿನಲ್ಲಿ ಹದಿನೈದು ಇಪ್ಪತ್ತು ನಿಮಿಷ ಸಾಕು, ಬಳಿಕ ಕಾರಿನೊಳಗೆ ಅಥವಾ ಕೋಣೆಯೊಳಗೆ. ತೂಕಕ್ಕೆ ಹೋಲಿಸಿದರೆ ಚಿಕ್ಕ ಮಕ್ಕಳ ಚರ್ಮದ ವಿಸ್ತಾರ ಹೆಚ್ಚಾದುದರಿಂದ ಅವರ ಮೈ ನಮಗಿಂತ ಬೇಗ ಕಾವು ಕಳೆದುಕೊಳ್ಳುತ್ತದೆ. ಬೆಟ್ಟ ಹತ್ತುವ ನಿಮಗೆ ಬೆವರು ಬರುವಾಗ, ಎದೆಗೆ ಕಟ್ಟಿಕೊಂಡ ಮಗು ಅಲುಗಾಡದೆ ತಣ್ಣಗಾಗುತ್ತಿರುತ್ತದೆ ಎಂಬುದನ್ನು ಮರೆಯಬಾರದು. ಕೈ ಮುಟ್ಟಿ ನೋಡಿ ಪ್ರಯೋಜನವಿಲ್ಲ, ಕತ್ತಿನ ಹಿಂಭಾಗದಲ್ಲಿ ಬೆರಳಿಟ್ಟು ನೋಡಿ. ಅಲ್ಲಿ ತಣ್ಣಗಿದ್ದರೆ ಕೂಡಲೇ ಒಳಗೆ ಕರೆದುಕೊಂಡು ಹೋಗಬೇಕು, ಬೆವರಿದ್ದರೆ ಒಂದು ಪದರ ತೆಗೆಯಬೇಕು. ಇಷ್ಟು ಚಿಕ್ಕ ಮಗು ತಲೆನೋವೆಂದು ಹೇಳಲಾರದು. ಮೇಲೆ ಹೋದ ಬಳಿಕ ಕಾರಣವಿಲ್ಲದೆ ಹಠ ಹಿಡಿದರೆ, ಹಾಲು ಬೇಡವೆಂದರೆ, ಎತ್ತರದಿಂದಾಗಿರಬಹುದೆಂದು ತಿಳಿದು ಇಳಿಯಿರಿ.

ಪ್ರಶ್ನೆ: ನಾವು ಸಸ್ಯಾಹಾರಿಗಳು. ಊಟಕ್ಕೆ ತೊಂದರೆಯಾಗುವುದೇ? ಕುಚ್ಚಲಕ್ಕಿ, ಕುಕ್ಕರ್ ಒಯ್ಯಬೇಕೇ? (ಮಂಜೇಶ್ವರದ ಓದುಗರು)

ಉತ್ತರ: ಬೇಡ. ಹಿಮಾಚಲದಲ್ಲಿ ಸಸ್ಯಾಹಾರಕ್ಕೆ ಕೊರತೆಯಿಲ್ಲ. ಗೋಧಿ ಹಿಟ್ಟನ್ನು ಹುಳಿಬರಿಸಿ ಒಳಗೆ ಹೂರಣ ತುಂಬಿ ಹಬೆಯಲ್ಲಿ ಬೇಯಿಸಿ ತುಪ್ಪದೊಂದಿಗೆ ಕೊಡುವ ಸಿಡ್ಡು ನಮ್ಮ ಕಡುಬಿನ ನಂಟಿನದೇ ಎನ್ನುವಷ್ಟು ಹಿತವಾಗಿರುತ್ತದೆ. 3,000 ಮೀಟರ್ ಎತ್ತರದಲ್ಲಿ ನೀರು ಸುಮಾರು 90 ಡಿಗ್ರಿಗೇ ಕುದಿಯುವುದರಿಂದ ನಮ್ಮ ಕುಚ್ಚಲಕ್ಕಿ ತೆರೆದ ಪಾತ್ರೆಯಲ್ಲಿ ಬೇಗನೆ ಬೇಯುವುದೂ ಇಲ್ಲ. ಅವಲಕ್ಕಿ, ಬಾಳೆಕಾಯಿ ಚಿಪ್ಸು, ಬೆಲ್ಲ, ಜೀರಿಗೆ ಕಷಾಯದ ಪುಡಿ ಇಷ್ಟು ಕೈಚೀಲದಲ್ಲಿದ್ದು, ಬಿಸಿನೀರಿನ ಫ್ಲಾಸ್ಕೊಂದಿದ್ದರೆ ದಾರಿಯಲ್ಲಿ ವಾಹನ ನಿಂತಾಗಲೂ ಮಕ್ಕಳು ಹಸಿಯುವುದಿಲ್ಲ. ಚಳಿಯಲ್ಲಿ ಬಾಯಾರಿಕೆ ತಿಳಿಯದು, ಆದರೆ ಒಣಗಾಳಿ ಉಸಿರಿನೊಂದಿಗೆ ನೀರನ್ನು ಒಯ್ಯುತ್ತಲೇ ಇರುತ್ತದೆ. ಗಂಟೆಗೊಮ್ಮೆ ಬೆಚ್ಚಗಿನ ನೀರು ಕುಡಿಸಿ.

ಪ್ರಶ್ನೆ: ನಾನು ಮುಳ್ಳೇರಿಯ ಸಮೀಪದ ಕನ್ನಡ ಮಾಧ್ಯಮ ಶಾಲೆಯಲ್ಲಿ ಆರನೆಯ ತರಗತಿಯಲ್ಲಿ ಓದುತ್ತಿದ್ದೇನೆ. ಈ ರಜೆಯಲ್ಲಿ ನಾವು ಹಿಮ ನೋಡಲು ಹೋಗುತ್ತೇವೆ. ಅಡಿಕೆ ಹಾಳೆಯ ಮೇಲೆ ಕುಳಿತು ಹಿಮದಲ್ಲಿ ಜಾರಬಹುದೇ? ಮಂಜು ಮತ್ತು ಹಿಮ ಒಂದೇ ಅಲ್ಲವೇ?

ಉತ್ತರ: ಈ ಸಲ ಬಂದ ಪತ್ರಗಳಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟದ್ದು ನಿನ್ನದು. ನಮ್ಮ ನೆರೆಯ ಮಲಯಾಳದಲ್ಲಿ ‘ಮಂಞ್’ ಎಂಬ ಒಂದೇ ಪದ ಇಬ್ಬನಿಗೂ, ಬೆಳಗಿನ ಮುಸುಕಿಗೂ, ಹಿಮಕ್ಕೂ ಸಲ್ಲುವುದರಿಂದ ನಿನಗೆ ಹಾಗೆ ತೋರಿದ್ದು ಸಹಜ. ಧನುರ್ಮಾಸದ ಬೆಳಿಗ್ಗೆ ನಿಮ್ಮ ತೋಟದ ಮೇಲೆ ನಿಲ್ಲುವ ಮಂಜು ಗಾಳಿಯಲ್ಲಿ ತೇಲುವ ನೀರಿನ ಸಣ್ಣ ಹನಿಗಳು. ಹಿಮ ನೀರಿನ ಹನಿಯಲ್ಲ. ಮೋಡದೊಳಗಿನ ನೀರಾವಿ ನೇರವಾಗಿ ಹರಳುಗಟ್ಟಿ ಆರು ಮೂಲೆಗಳ ನಕ್ಷತ್ರದಂತೆ ಬೆಳೆದು ಇಳಿಯುವಂಥದ್ದು. ಕಪ್ಪು ಅಥವಾ ಕಡುನೀಲಿ ಬಣ್ಣದ ಉಣ್ಣೆಯ ಕೈಗವಸಿನ ಮೇಲೆ ಅದನ್ನು ಬೀಳಗೊಟ್ಟು, ಉಸಿರು ಬಿಗಿಹಿಡಿದು ನೋಡು. ಉಸಿರು ತಾಗಿದರೆ ಕರಗಿಬಿಡುತ್ತದೆ.

ಹಾಳೆಯ ಮೇಲೆ ಜಾರಬಹುದು. ಹಿಮದ ಮೇಲ್ಮೈಯಲ್ಲಿ ಅತ್ಯಂತ ತೆಳುವಾದ, ನೀರಿನ ಹಾಗೆ ಸಡಿಲವಾಗಿರುವ ಪದರವೊಂದಿದ್ದು, ಉಜ್ಜಿದ ಬಿಸಿಗೆ ಇನ್ನಷ್ಟು ಕರಗಿ ಎಲ್ಲವನ್ನೂ ಜಾರಿಸುತ್ತದೆ. ಆದರೆ ಹಾಳೆ ಬಗ್ಗಬೇಕಾದರೆ ನೀರಿನಲ್ಲಿ ನೆನೆಸಬೇಕೆಂದು ನಿನಗೆ ಗೊತ್ತಿದೆ. ಅಲ್ಲಿನ ಒಣಗಾಳಿಗೆ ಅದು ಗರಿಗರಿಯಾಗಿ ಸೀಳುತ್ತದೆ, ಸೀಳಿದ ಅಂಚು ಕೈ ಕೊಯ್ಯುತ್ತದೆ. ಮನೆಯಂಗಳದಲ್ಲಿ ತಮ್ಮನೋ ತಂಗಿಯೋ ಹಾಳೆಯನ್ನು ಎಳೆಯುವಾಗ ಅವರೇ ತಿರುಗಿಸುತ್ತಾರೆ, ಅವರೇ ನಿಲ್ಲಿಸುತ್ತಾರೆ. ಇಳಿಜಾರಿನಲ್ಲಿ ಹಾಗೆ ಯಾರೂ ಇರುವುದಿಲ್ಲ. ಅಲ್ಲಿ ಬಾಡಿಗೆಗೆ ಸಿಗುವ ಜಾರುಬಂಡಿಯಲ್ಲೇ ಕುಳಿತುಕೋ. ಕೆಳಗೆ ಬಂಡೆ, ಮರ, ರಸ್ತೆ ಯಾವುದೂ ಇಲ್ಲದೆ ಸಮತಟ್ಟಾಗಿ ಕೊನೆಗೊಳ್ಳುವ ಇಳಿಜಾರನ್ನು ಆರಿಸಿಕೋ, ಹೊಸ ಹಿಮ ರಾಶಿ ಬಿದ್ದಿರುವ ಕಡಿದಾದ ಬೆಟ್ಟದ ಬುಡಕ್ಕೆ ಹೋಗಬೇಡ, ಏಕೆಂದರೆ ಮೇಲಿನ ಹಿಮ ಒಟ್ಟಾಗಿ ಜರಿದು ಬೀಳುವುದುಂಟು. ಮೊದಲ ಸಲ ಅಪ್ಪನೋ ಅಮ್ಮನೋ ಕೆಳಗೆ ನಿಂತಿರಲಿ. ಜಾರಿ ಬಂದ ಮೇಲೆ ಕೈಗವಸಿನೊಳಗೆ ಒದ್ದೆಯಾಗಿದೆಯೇ ಎಂದು ನೋಡಿಕೊಂಡು, ಒದ್ದೆಯಾಗಿದ್ದರೆ ಬೇರೆ ಜೊತೆ ಹಾಕಿಕೊಂಡೇ ಮತ್ತೆ ಹತ್ತು.